ಒದ್ದೆ ಬೆರಳಿನ ಸುಕ್ಕು

ಅಕ್ಕನ ಕೆಲಸ ಹೋದದ್ದು ನನ್ನಿಂದ. ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿದೆಯೋ ಏನೋ, ಕೇಳುವ ಧೈರ್ಯ ನನಗಿಲ್ಲ.

ನಾವಿಬ್ಬರೂ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿದ್ದೆವು. ನೀರಿಗೆ ಕರೆಂಟು ಹಾಯಿಸಿ ಹೈಡ್ರೋಜನ್ ಬಿಡಿಸುವ ದೊಡ್ಡ ಯಂತ್ರಗಳು ಅಲ್ಲಿ ತಯಾರಾಗುತ್ತವೆ. ಲೋಹದ ಪ್ಲೇಟು, ಅದರ ಮೇಲೊಂದು ತೆಳು ಹಾಳೆ, ಸುತ್ತ ರಬ್ಬರ್ ಪಟ್ಟಿ, ಮತ್ತೆ ಪ್ಲೇಟು. ಹೀಗೆ ಆಳೆತ್ತರ ಪೇರಿಸಿ ಬಿಗಿಯುವುದು. ಪೇರಿಸುವವಳು ಅಕ್ಕ, ಪಕ್ಕದಲ್ಲಿ ಪ್ಲೇಟು ಒರೆಸಿ ಕೊಡುವವಳು ನಾನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿದ್ದ ನನ್ನನ್ನು ಅಲ್ಲಿಗೆ ಸೇರಿಸಿದವಳೂ ಅವಳೇ.

ಒಂದು ದಿನ ಮೀಟಿಂಗ್ ಕರೆದು, ಪೇರಿಸುವ ಕೆಲಸಕ್ಕೆ ರೋಬೋಟ್ ಬರುತ್ತದೆ ಎಂದರು. ಅಲ್ಲಿಯವರೆಗೆ ಎಲ್ಲರ ಕೈಯೂ ಒಂದೇ ರೀತಿ ನಡೆಯಬೇಕು. ಹಾಳೆಯನ್ನು ಗಾಳಿ ಎಳೆದು ಹಿಡಿಯುವ ಹಿಡಿಕೆಯಿಂದಲೇ ಎತ್ತಬೇಕು, ಕೈ ತಾಗಿಸಬಾರದು. ಪ್ರತಿ ಪದರ ಇಡುವಾಗಲೂ ಇಟ್ಟವರ ಕಾರ್ಡನ್ನು ಕಂಪ್ಯೂಟರಿಗೆ ತೋರಿಸಬೇಕು, ಯಾರು ಇಟ್ಟದ್ದೆಂದು ಅದರಲ್ಲಿ ದಾಖಲಾಗುತ್ತದೆ. ತಪ್ಪು ಮಾಡದವರನ್ನು ಮಾತ್ರ ರೋಬೋಟ್ ನೋಡಿಕೊಳ್ಳಲು ಉಳಿಸಿಕೊಳ್ಳುತ್ತಾರೆ.

"ಅದಕ್ಕೆ ಊಟ ಬೇಡ, ರಜ ಬೇಡ. ನಮ್ಮನ್ಯಾಕೆ ಇಟ್ಕೋತಾರೆ ಹೇಳು" ಎಂದು ಅಕ್ಕ ನಕ್ಕಳು.

"ಅದನ್ನ ಬೈಯೋಕೆ ನಿನ್ನಂಥೋಳು ಒಬ್ಳು ಬೇಕಲ್ಲಕ್ಕಾ" ಎಂದೆ.

ಆ ವಾರವೇ ಅವಳ ಮಗಳ ಶಾಲೆಯಿಂದ ಗೇಟಿಗೆ ಫೋನ್ ಬಂತು, ಮಗುವಿಗೆ ಜ್ವರ ಎಂದು. ಅಕ್ಕ ಕೊರಳ ಕಾರ್ಡು ತೆಗೆದು ನನ್ನ ಮುಂದಿಟ್ಟಳು. "ನಾನು ಮಾತಾಡಿ ಬರೋಗಂಟ ನೀನೇ ಇಡ್ತಿರು. ಲೈನ್ ನಿಂತ್ರೆ ಸಾರ್ ಕೂಗಾಡ್ತಾರೆ. ಹಾಳೆ ಮಾತ್ರ ಮುಟ್ಬೇಡ ಕಣೇ."

"ಗೊತ್ತು ಹೋಗಕ್ಕಾ, ನಾನೇನ್ ಚಿಕ್ ಮಗೂನಾ?"

ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಡಿಕೆ ಎರಡನ್ನೂ ಒಟ್ಟಿಗೆ ಎತ್ತಿತು. ಗಾರ್ಮೆಂಟ್ಸ್‌ನಲ್ಲಿ ಕತ್ತರಿಸಿದ ಬಟ್ಟೆಯ ಪದರಗಳು ಹೀಗೆ ಅಂಟಿದರೆ ಬೆರಳನ್ನು ನಾಲಿಗೆಗೆ ತಾಗಿಸಿ ಬಿಡಿಸುತ್ತಿದ್ದೆವು. ಯೋಚಿಸುವ ಮೊದಲೇ ಗ್ಲೌಸ್ ಎಳೆದು, ಮಾಸ್ಕ್ ಇಳಿಸಿ, ಹಾಗೆಯೇ ಬಿಡಿಸಿದ್ದೆ. ಆ ಹಾಳೆ ಒದ್ದೆಯಾದ ಕಡೆ ಉಬ್ಬುತ್ತದೆ. ಅಂಚಿನಲ್ಲಿ ಸಣ್ಣ ಸುಕ್ಕೊಂದು ಎದ್ದಿತು. ನೋಡಿದೆ. ತೆಗೆದು ಬೇರೆಯದು ಇಡಬಹುದಿತ್ತು. ಹಾಳೆ ಏಕೆ ಕೆಟ್ಟಿತೆಂದು ಕೇಳುತ್ತಾರಲ್ಲ ಎಂದು ಮೇಲೆ ಪ್ಲೇಟು ಇಟ್ಟುಬಿಟ್ಟೆ.

ಪರೀಕ್ಷೆಯಲ್ಲಿ ಅದೇ ಪದರ ಸೋರಿತು. ಎಲ್ಲವನ್ನೂ ಬಿಚ್ಚಿದಾಗ ಬರಿಗೈ ತಾಗಿ ಎದ್ದ ಸುಕ್ಕು ಸಿಕ್ಕಿತು. ಆ ಪದರಕ್ಕೆ ದಾಖಲಾಗಿದ್ದದ್ದು ಅಕ್ಕನ ಕಾರ್ಡು.

"ಏನಮ್ಮಾ, ಇಷ್ಟು ಹಳಬಳಾಗಿ ಕೈ ಹಾಕೋದಾ?" ಎಂದರು ಸೂಪರ್‌ವೈಸರ್.

ಅಕ್ಕ ನನ್ನನ್ನು ನೀರಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. "ಬೈಯಲ್ಲ, ನಿಜ ಹೇಳು. ಮುಟ್ಟಿದ್ಯಾ?"

"ಇಲ್ಲಕ್ಕಾ. ನಿನ್ನಾಣೆಗೂ ಇಲ್ಲ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಒಳಗೆ ಹೋಗಿ, "ನಾನೇ ಸಾರ್, ಗೊತ್ತಾಗ್ಲಿಲ್ಲ" ಎಂದಳು. ಕಾರ್ಡು ನನಗೆ ಕೊಟ್ಟದ್ದನ್ನು ಹೇಳಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು.

ರೋಬೋಟ್ ಬಂತು. ನನ್ನ ಹೆಸರಿನಲ್ಲಿ ತಪ್ಪಿರಲಿಲ್ಲ, ನನ್ನನ್ನು ಉಳಿಸಿಕೊಂಡರು. ಗಾಜಿನ ಈಚೆ ನಿಂತು, ಅದರ ತೋಳು ಹಾಳೆಯನ್ನು ಎತ್ತಿಡುವುದನ್ನು ನೋಡುವುದು ಈಗ ನನ್ನ ಕೆಲಸ. ಅಕ್ಕ ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸುತ್ತಾಳೆ.

ಮೊನ್ನೆ ಸೂಪರ್‌ವೈಸರ್ ಕೇಳಿದರು: "ಇನ್ನೊಬ್ರು ಬೇಕು, ಪೇರಿಸೋ ಕೆಲಸ ಗೊತ್ತಿರೋರು. ಯಾರಾದ್ರೂ ಇದ್ದಾರೇನಮ್ಮಾ?" ಅಕ್ಕನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಆ ಸುಕ್ಕಿನ ಮಾತು ಬರುತ್ತಿತ್ತು. ಆಗ ನಾನು ನಿಜ ಬಾಯಿಬಿಡಲೇಬೇಕಾಗುತ್ತಿತ್ತು. "ನೋಡ್ತೀನಿ ಸಾರ್" ಎಂದೆ.

ಮಧ್ಯಾಹ್ನ ಅಕ್ಕ ಬಡಿಸುವ ಸಾಲು ಬಿಟ್ಟು ಆಚೆ ಸಾಲಿನಲ್ಲಿ ನಿಂತೆ. ಅವಳು ಅಲ್ಲಿಂದಲೇ ಕೂಗಿದಳು: "ಲೇ, ಆ ಕಡೆ ಮುದ್ದೆ ಆರ್ಹೋಗಿದೆ. ಇಲ್ಲಿ ಬಾರೇ, ಬಿಸೀದು ಹಾಕ್ತೀನಿ."

ಕೇಳಿಸದವಳಂತೆ ತಟ್ಟೆ ಮುಂದೆ ಚಾಚಿದೆ.