ದಕ್ಷಿಣ ಬಾಗಿಲಿನ ಗಡಿಗೆ ಮನೆ

ನರಗುಂದದ ನನ್ನ ಗೆಳೆಯ ದೂರದ ಊರಿಗೆ ವರ್ಗವಾಗಿ ಹೋಗುವಾಗ ತನ್ನ ಹಲ್ಲಿಯನ್ನು ನನಗೆ ಕೊಟ್ಟ. ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಯಲ್ಲ. ಹಳದಿ ಮೈ ತುಂಬ ಕರಿ ಚುಕ್ಕೆ, ದಪ್ಪ ಬಾಲ, ಗೋಡೆ ಹತ್ತಲು ಬಾರದ ಲೆಪರ್ಡ್ ಗೆಕ್ಕೊ. ಸಾಕುವುದಕ್ಕೆ ಬೇಕಾದ ಕಾಗದಪತ್ರ, ಗಾಜಿನ ಪೆಟ್ಟಿಗೆ, ಅದರ ತಳಕ್ಕೆ ಹಾಸುವ ಕರೆಂಟಿನ ಬಿಸಿ ಚಾಪೆ, ಎಲ್ಲ ಕೊಟ್ಟ. ಅದು ಅವಿತುಕೊಳ್ಳುವ ಗೂಡು ಮಾತ್ರ ಬಸ್ಸಿನ ಕುಲುಕಾಟದಲ್ಲಿ ಒಡೆದುಹೋಯಿತು. ಹೊಸ ಗೂಡಿನ ಬೆಲೆಯನ್ನು ಫೋನಿನಲ್ಲಿ ನೋಡಿದೆ. ಅಷ್ಟು ಕೊಟ್ಟು ಹಲ್ಲಿಗೆ ಮನೆ ತಂದರೆ ಅವ್ವ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಿದ್ದಳು.

ಗಜೇಂದ್ರಗಡದ ನಮ್ಮ ಮನೆಯಲ್ಲಿ ಇರುವವರು ಅವ್ವ ಮತ್ತು ನಾನು. ಎರಡು ವಿಷಯದಲ್ಲಿ ಅವ್ವ ರಾಜಿಯಾಗುವವಳಲ್ಲ. ಮನೆಗೆ ಬಂದವರು ಉಣ್ಣದೆ ಹೋಗಬಾರದು, ತನ್ನ ಸಂಜೆಯ ಚಹಾ ತಪ್ಪಬಾರದು. ದೇವರಿಗೆ ದೀಪ ಹಚ್ಚಿ, ಕಟ್ಟೆಯ ಮೇಲೆ ಕೂತು, ಕಪ್ಪಿನಿಂದ ಬಸಿಗೆ ಸುರಿದು ಕುಡಿಯುವ ಆ ಚಹಾ ತಡವಾದರೆ ಅವಳು ಯಾರ ಮಾತಿಗೂ ಸಿಗುವುದಿಲ್ಲ.

“ಇದು ಏನ್ ತಿಂತೈತಿ?” ಎಂದಳು.

ತೌಡಿನಲ್ಲಿ ಸಾಕಿದ ಹುಳಗಳ ಡಬ್ಬಿ ತೋರಿಸಿದೆ.

“ನನ್ನ ಜನ್ಮ ಎಲ್ಲಾ ಹಿಟ್ಟಿನಾಗಿನ ಹುಳಾ ಸೋಸೂದ್ರಾಗ ಹೋತು. ಈಗ ಮಗಾ ಹುಳಾ ಸಾಕಾಕತ್ಯಾನ.”

ಆದರೆ ನಮ್ಮ ಅತಿಥಿ ಆ ಹುಳವನ್ನು ಮೂಸಿಯೂ ನೋಡಲಿಲ್ಲ. ನೀರಿನ ಬಟ್ಟಲಿನ ಹಿಂದೆ ಮೂಲೆಗೆ ಒತ್ತಿಕೊಂಡು ಕೂತುಬಿಟ್ಟಿತು. ಈ ಜೀವ ತನ್ನ ಕೊಬ್ಬನ್ನು ಬಾಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ಬಾಲ ದಿನದಿನಕ್ಕೆ ತೆಳ್ಳಗಾಗತೊಡಗಿತು.

“ನೋಡಪಾ ತಮ್ಮಾ,” ಎಂದಳು ಅವ್ವ, “ನಮ್ಮನ್ಯಾಗ ಬಂದ ಜೀವ ಉಪಾಸ ಇರಬಾರದು. ಅಮಾಸಿ ತನಕಾ ನೋಡ್ತೀನಿ. ತಿನ್ನಲಿಲ್ಲಂದ್ರ ಯಾರ್ದೋ ಅವರಿಗೆ ಕೊಟ್ಟು ಬಾ.”

ನನಗೆ ಕೊಡಲು ಮನಸ್ಸಿರಲಿಲ್ಲ. ರೋಣದಲ್ಲಿ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತು ಬಂದು ಚಪ್ಪಲಿ ಬಿಡುವಾಗ, ಅದು ಬಟ್ಟಲಿನ ಹಿಂದಿನಿಂದ ಕತ್ತು ಹೊರಳಿಸಿ ನೋಡುತ್ತಿತ್ತು. ಆ ಒಂದು ನೋಟಕ್ಕೆ ನಾನು ಸೋತುಹೋಗಿದ್ದೆ.

ಅವಿತುಕೊಳ್ಳಲು ಗೂಡಿಲ್ಲದ್ದಕ್ಕೇ ಅದು ಉಣ್ಣುತ್ತಿಲ್ಲ ಎನಿಸಿತು. ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಔಷಧದ ಅಂಗಡಿಯಿಂದ ಥರ್ಮಾಕೋಲ್ ಡಬ್ಬ ಬೇಡಿ ತಂದು ಚಾಕು ಹಿಡಿದು ಕೂತೆ. ಹಲ್ಲಿಯನ್ನು ಸಾಗಹಾಕಲು ಹೊರಟವಳೇ ಎದುರಿಗೆ ಕೂತು ಮೇಸ್ತ್ರಿಯಾದಳು.

“ಬಾಗಲಾ ಮೂಡಲಕ್ಕ ಇರ್ಲಿ. ದೊಡ್ಡದು ಮಾಡು. ಹಿಂದ ಒಂದು ಕಿಡಕಿ ತಗಿ. ಗಾಳಿ ಬೆಳಕು ಬ್ಯಾಡೇನು ಅದಕ್ಕ?”

ನಾನೂ ಹೌದೆಂದು ಕೊರೆದೆ. ಒಳ್ಳೆಯ ಮನೆ ಎಂದರೆ ನಮಗೆ ಗೊತ್ತಿರುವುದು ಅದೊಂದೇ. ಅವ್ವ ಬಾಗಿಲಿಗೆ ಕುಂಕುಮ ಹಚ್ಚಿದಳು. ಹಲ್ಲಿ ಮುಂಬಾಗಿಲಿನಿಂದ ಗಂಭೀರವಾಗಿ ಒಳಗೆ ಹೋಗಿ, ಹಿಂದಿನ ಕಿಟಕಿಯಿಂದ ಹೊರಬಂದು, ಮತ್ತೆ ಬಟ್ಟಲಿನ ಹಿಂದೆ ಕೂತಿತು.

ಆ ದಿನಗಳಲ್ಲೇ ಅವ್ವ ಚಹಾ ಬಿಟ್ಟಳು. “ಪಿತ್ತ ಆಗೇತಿ, ನನಗ ಬ್ಯಾಡ,” ಎನ್ನುತ್ತಿದ್ದಳು. ದವಾಖಾನೆಗೆ ಹೋಗೋಣ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ಗಾಬರಿಯಾಯಿತು. ಹಲ್ಲಿ ಉಣ್ಣುವುದಿಲ್ಲ, ಅವ್ವ ಚಹಾ ಕುಡಿಯುವುದಿಲ್ಲ, ಅಮಾವಾಸ್ಯೆ ಹತ್ತಿರ ಬರುತ್ತಿದೆ.

ರವಿವಾರ ಜೇಡರ ಬಲೆ ಹೊಡೆಯಲು ಗೋಡೆಯ ಕ್ಯಾಲೆಂಡರ್ ತೆಗೆದಾಗ ಹಿಂದಿದ್ದ ಮನೆಹಲ್ಲಿ ಸರ್ರನೆ ಪಕ್ಕದ ಫೋಟೋದ ಹಿಂದೆ ನುಸುಳಿತು. ಇಡೀ ಗೋಡೆ ಖಾಲಿ ಬಿದ್ದಿತ್ತು. ಅದಕ್ಕೆ ಬೇಕಾಗಿದ್ದು ಬೆರಳು ಹೋಗದಷ್ಟು ಇಕ್ಕಟ್ಟಿನ ಕತ್ತಲೆ. ನನಗೆ ನಗು ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮಗೆ ಹೇಳಿದ ಮಾತು. ಹಲ್ಲಿಗೆ ಮೈ ಇದ್ದಷ್ಟೇ ಮನೆ ಬೇಕು.

ಹಿತ್ತಲಲ್ಲಿ ಅವ್ವನ ಸೋರುವ ನೀರಿನ ಗಡಿಗೆ ಬೋರಲು ಬಿದ್ದಿತ್ತು. ಅದನ್ನು ಒಡೆದು, ಅಂಗೈಯಗಲದ ಬಾಗಿದ ಚೂರೊಂದನ್ನು ಆರಿಸಿದೆ. ಹಲ್ಲಿಯ ಹೊಟ್ಟೆ ಗೀರಬಾರದೆಂದು ಅಂಚನ್ನು ಬಟ್ಟೆ ಒಗೆಯುವ ಕಲ್ಲಿಗೆ ನೀರು ಹಾಕಿ ತಿಕ್ಕಿ ನುಣುಪು ಮಾಡಿದೆ. ಬಿಸಿ ಚಾಪೆಯ ಮೇಲೆ ಕವುಚಿ, ಸುತ್ತ ಸಣ್ಣ ಚೂರುಗಳನ್ನು ಒತ್ತಾಗಿ ನಿಲ್ಲಿಸಿ, ತಲೆ ತೂರುವಷ್ಟೇ ಸಂದು ಬಿಟ್ಟೆ. ತಂಪು ಇರುವ ಇನ್ನೊಂದು ಬದಿಗೆ ತುಪ್ಪದ ಖಾಲಿ ಡಬ್ಬಿಗೆ ತೂತು ಕೊರೆದು ಒಳಗೆ ಒದ್ದೆ ಅರಿವೆ ಹಾಸಿದೆ. ಪೊರೆ ಬಿಡುವಾಗ ಅದಕ್ಕೆ ತೇವ ಬೇಕು. ಖರ್ಚೆಂದರೆ ನನ್ನ ರಟ್ಟೆ ನೋವು ಅಷ್ಟೇ.

ಅವ್ವ ಬಗ್ಗಿ ನೋಡಿದಳು. “ಬಾಗಲಾ ದಕ್ಷಿಣಕ್ಕ. ಕಿಡಕಿ ಇಲ್ಲ. ಇದು ಮನಿನೋ ಜೇಲೋ?” ಈ ಸಲ ಕುಂಕುಮ ಹಚ್ಚಲಿಲ್ಲ.

ಹಲ್ಲಿ ಬೆನ್ನು ಸೂರಿಗೆ ತಾಗುವಂತೆ ಒಳಗೆ ತೂರಿಕೊಂಡಿತು. ಮರುದಿನ ಸಂಜೆಯವರೆಗೂ ಹೊರಗೆ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸಂದಿನಿಂದ ಮುಖವಷ್ಟೇ ಕಂಡಿತು. ಚಿಮಟಿಗೆಯಲ್ಲಿ ಹುಳ ಹಿಡಿದೆ. ಅದು ತಲೆ ಓರೆ ಮಾಡಿ ನೋಡಿ, ಗಬಕ್ಕನೆ ಹಿಡಿದು ನುಂಗಿತು. ಇನ್ನೊಂದು ಕೊಟ್ಟೆ. ಅದನ್ನೂ ನುಂಗಿ ನಾಲಿಗೆಯಿಂದ ಮೂತಿ ಸವರಿಕೊಂಡಿತು. ನನಗೆ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯೇನಿಲ್ಲ.

ಅವ್ವ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ದೇವರ ಕೋಣೆಯ ಕಡೆ ತಿರುಗಿ ಕೈಮುಗಿದಳು. ಆಮೇಲೆ ಹೋಗಿ ಕಟ್ಟೆಯ ಮೇಲೆ ಕೂತಳು.

“ತಮ್ಮಾ, ಒಂದು ಕಪ್ಪ ಚಹಾ ಇಡು.”

“ಪಿತ್ತ ಅಂದಿದ್ಯಲ್ಲವಾ?”

“ಎಲ್ಲೀದು ಪಿತ್ತ. ಅದು ಉಣ್ಣೂ ತನಕಾ ಚಹಾ ಮುಟ್ಟಂಗಿಲ್ಲಂತ ದೇವ್ರ ಮುಂದ ಬೇಡ್ಕೊಂಡಿದ್ನಿ. ಸಕ್ರಿ ಸ್ವಲ್ಪ ಜಾಸ್ತಿ ಹಾಕು.”