ಬಣ್ಣ ಹಸಿಯಿತ್ತು

ಗಾಡಿ ಓಡುತ್ತಿತ್ತು. ಓಡುವುದಿಲ್ಲ ಎಂದು ನಾನು ಸುಳ್ಳು ಹೇಳಿದೆ — ನೆಲಕ್ಕೆ ಬಿದ್ದ ಗಂಡನನ್ನು ಆಸ್ಪತ್ರೆಗೆ ಒಯ್ಯಬೇಕೆಂದು ಬರಿಗಾಲಲ್ಲಿ ಓಡಿಬಂದ ಹೆಂಗಸಿಗೆ. ಕಾರಣ ಇಷ್ಟೇ: ನನ್ನ ಜೀಪಿನ ಬಣ್ಣ ಇನ್ನೂ ಹಸಿಯಿತ್ತು. ಇದನ್ನು ಆರು ವರ್ಷ ಯಾರಿಗೂ ಹೇಳಲಿಲ್ಲ.

ನಾನು ಪಶು ಆಸ್ಪತ್ರೆಯ ಸಣ್ಣ ನೌಕರ. ಗಬ್ಬೂರಿನಲ್ಲಿ ಮನೆ, ದೇವದುರ್ಗದಲ್ಲಿ ಹಾಜರಿ, ಉಳಿದ ಹೊತ್ತೆಲ್ಲ ಹಳ್ಳಿಗಳ ಕುರಿಹಟ್ಟಿಗಳಲ್ಲಿ. ರಾಯಚೂರಿನ ಒಂದು ಗುಜರಿ ಅಂಗಡಿಯ ಹಿಂದೆ, ಜಾಲಿಯ ನಡುವೆ, ಆ ಜೀಪು ನಿಂತಿತ್ತು. ಸೈನ್ಯದಿಂದ ಹೊರಬಿದ್ದದ್ದು, ವಯಸ್ಸಿನಲ್ಲಿ ನನಗಿಂತ ಹಿರಿದು. ನೋಡಿದ ಮೇಲೆ ನನಗೆ ಬೇರೆ ಏನೂ ಬೇಡವೆನಿಸಿತು. ನನ್ನ ಬಳಿ ಮತ್ತೊಂದು ವಾಹನ ಇರಲಿಲ್ಲ. ದಿನವೂ ಅದನ್ನೇ ಓಡಿಸಬೇಕು, ಅದನ್ನೇ ಮೊದಲಿನಂತೆ ಮಾಡಬೇಕು. ಹಾಗಾಗಿ ಸಂಜೆ ಬಿಚ್ಚಿದ್ದನ್ನು ಮರುದಿನ ಕೆಲಸಕ್ಕೆ ಹೊರಡುವುದರೊಳಗೆ ಜೋಡಿಸಲೇಬೇಕೆಂದು ನಿಯಮ ಹಾಕಿಕೊಂಡೆ. ಒಂದು ವಾರ ಬಾನೆಟ್ ಇಲ್ಲದೆ ಓಡಿಸಿದೆ. ಸೀಟಿನ ಬದಲು ಲಸಿಕೆಯ ಪೆಟ್ಟಿಗೆ ಇಟ್ಟು, ಅದರ ಮೇಲೆ ಕುಳಿತು ಮಾನ್ವಿಗೆ ಹೋಗಿಬಂದೆ. ತುಕ್ಕು ತಿಂದ ತಳದಿಂದ ಎರೆಹೊಲದ ಧೂಳು ಎದ್ದು ಪ್ಯಾಂಟಿನೊಳಗೆ ಸೇರುತ್ತಿತ್ತು. ಊರವರು ನಗುತ್ತಿದ್ದರು.

ನಗದವನು ಬೀರಪ್ಪ ಒಬ್ಬನೇ. ನಮ್ಮ ಮನೆಯಿಂದ ಮೂರನೇ ಮನೆ ಅವನದು. ಕುರಿ ಸಾಕುವವನು, ನನ್ನದೇ ವಯಸ್ಸಿನವನು, ಎಂಜಿನ್ನಿನ ಹುಚ್ಚು ಯಾವಾಗ ಹತ್ತಿತ್ತೋ ಅವನಿಗೇ ಗೊತ್ತಿರಲಿಲ್ಲ. ಮೊದಲ ದಿನ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಕಣ್ಣು ಮುಚ್ಚಿ ಕೇಳಿ ಹೇಳಿದ್ದ:

"ಎರಡನೇ ಸಿಲಿಂಡರ್ ಕೆಮ್ಮಾಕತ್ತದ ಸರ. ಕುರಿಗಿ ಉಬ್ಬಸ ಬಂದಂಗ."

ಬಿಚ್ಚಿ ನೋಡಿದರೆ ನಿಜ. ಅಲ್ಲಿಂದ ಮೂರು ವರ್ಷ, ಕುರಿ ದೊಡ್ಡಿಗೆ ಹೊಡೆದ ಮೇಲೆ ದಿನವೂ ಬಂದ. ತಳಕ್ಕೆ ತಗಡು ಬೆಸೆದಾಗ ಹಿಡಿದುಕೊಂಡವನು ಅವನು. ಕ್ಲಚ್ಚಿನ ತಟ್ಟೆ ಬದಲಿಸಿದಾಗ ಗಾಡಿಯ ಕೆಳಗೆ ನನ್ನ ಪಕ್ಕ ಮಲಗಿದವನೂ ಅವನೇ. ನಾನು ಚಹಾ ಕೊಡುತ್ತಿದ್ದೆ — ಅದಕ್ಕಿಂತ ಹೆಚ್ಚಿಗೆ ನಾನು ಅವನಿಗೇನು ಕೊಟ್ಟೆನೋ, ಈಗ ಎಷ್ಟು ಹುಡುಕಿದರೂ ನೆನಪಾಗುವುದಿಲ್ಲ.

ಕೊನೆಗೆ ಉಳಿದದ್ದು ಬಣ್ಣ. ಗಾಳಿಯಿಲ್ಲದ ಒಂದು ಭಾನುವಾರ ನೋಡಿ, ಮಾನ್ವಿಯಿಂದ ಬಣ್ಣ ಊದುವ ಯಂತ್ರ ತಂದೆ. ಧೂಳು ಏಳದಂತೆ ಅಂಗಳಕ್ಕೆ ನೀರು ಹಾಕಿ, ಸುತ್ತಲೂ ಹಳೆಯ ಸೀರೆಗಳನ್ನು ಕಟ್ಟಿದೆವು. ಬೀರಪ್ಪ ಬಣ್ಣ ಕಲಸಿ ಕಲಸಿ ಕೊಟ್ಟ. ಹತ್ತು ಗಂಟೆಗೆ ಕೊನೆಯ ಲೇಪ ಮುಗಿಯಿತು. ಸೈನ್ಯದ ಆ ಮಂಕು ಹಸಿರು — ಒಂದು ಕೂದಲೆಳೆಯೂ ಅಂಟಿರಲಿಲ್ಲ. ಬೀರಪ್ಪ ದೂರ ನಿಂತು ನೋಡಿ, "ಯಾರನ್ನೂ ಮುಟ್ಟಗೊಡಬ್ಯಾಡ್ರಿ ಸರ, ನಾ ಉಂಡು ಬರ್ತೀನಿ," ಎಂದು ಹೋದ. ಹೋಗುವಾಗ ಎಡವಿದ. ತಲೆ ನೋಯುತ್ತಿದೆ, ಬಣ್ಣದ ವಾಸನೆ ಇರಬೇಕು ಎಂದ.

ಹನ್ನೆರಡಕ್ಕೆ ಅವನ ಹೆಂಡತಿ ಯಂಕಮ್ಮ ಸೀರೆಯ ಮರೆ ಸರಿಸಿ ಒಳಗೆ ಬಂದಳು.

"ಸರ, ನಮ್ಮನಿಯವ್ರು ಬಿದ್ದಾರ. ಬಾಯಿ ಸೊಟ್ಟ ಆಗ್ಯಾದ, ಮಾತು ಬರವಲ್ದು. ಗಾಡಿ ತಗೀರಿ ಸರ, ರಾಯಚೂರಿಗಿ ಒಯ್ಯೋಣು."

ನಾನು ಗಾಡಿಯ ಕಡೆ ನೋಡಿದೆ. ಗಾಜಿಗೆ ಇನ್ನೂ ಪತ್ರಿಕೆ ಅಂಟಿಸಿತ್ತು; ಅದನ್ನು ಕಿತ್ತರೆ ಸಾಕು, ಗಾಡಿ ಹೊರಡುತ್ತಿತ್ತು. ಆದರೆ ಕಣ್ಣ ಮುಂದೆ ಬಂದದ್ದು — ಹೇಳುತ್ತೇನೆ, ಹೇಳಲೇಬೇಕು — ಬೀರಪ್ಪನ ಸೊಟ್ಟ ಬಾಯಿಯಲ್ಲ. ಅವನನ್ನು ಎತ್ತಿ ಹತ್ತಿಸುವ ನಾಲ್ಕು ಜನರ ಕೈಗಳು, ಹಸಿ ಬಣ್ಣದ ಮೇಲೆ ಮೂಡುವ ಅವುಗಳ ಗುರುತು, ದಾರಿಯುದ್ದಕ್ಕೂ ಮೆತ್ತಿಕೊಳ್ಳುವ ಧೂಳು.

"ಕ್ಲಚ್ ಬಿಚ್ಚೀನಿ ಯಂಕಮ್ಮ," ಎಂದೆ. "ಗಾಡಿ ಹೊಂಡಂಗಿಲ್ಲ."

ಅವಳು ಎರಡನೇ ಸಲ ಕೇಳಲಿಲ್ಲ. ನಂಬಿದಳು. ತಿರುಗಿ ಓಡಿದಳು.

ಅದು ಅಷ್ಟು ಗಂಭೀರವೆಂದು ಗೊತ್ತಿರಲಿಲ್ಲ ಎಂದು ಬರೆಯಬಹುದು. ಆದರೆ ಕಾಯಿಲೆ ನೋಡುವುದೇ ನನ್ನ ಕೆಲಸ. ಬಾಯಿ ಸೊಟ್ಟಗಾಗಿ ಮಾತು ನಿಂತರೆ ಏನೆಂದು ನನಗೆ ಗೊತ್ತಿತ್ತು. ಪ್ರತಿ ನಿಮಿಷವೂ ಮುಖ್ಯವೆಂದೂ ಗೊತ್ತಿತ್ತು.

ಆಮೇಲೆ ಮಾಡಿದ್ದು ಇನ್ನೂ ಕೀಳು. ಯಾರಾದರೂ ಬಂದು ನೋಡಿದರೆ? — ಬಣ್ಣಕ್ಕೆ ಮೈ ತಾಗದಂತೆ ಗಾಡಿಯ ಕೆಳಗೆ ತೆವಳಿ, ಕ್ಲಚ್ಚಿನ ಸಾಮಾನುಗಳನ್ನು ಬಿಚ್ಚತೊಡಗಿದೆ. ಸುಳ್ಳನ್ನು ನಿಜ ಮಾಡಲು. ಅರ್ಧ ತಾಸು ಹಿಡಿಯಿತು. ಆ ಅರ್ಧ ತಾಸಿನಲ್ಲಿ ನಾನು ಅವನನ್ನು ಕೂರಿಸಿಕೊಂಡು ರಾಯಚೂರಿನ ಹತ್ತಿರ ಹತ್ತಿರ ಹೋಗಿರುತ್ತಿದ್ದೆ. ಗೋಣಿಯ ಮೇಲೆ ಒಂದೊಂದೇ ಬೋಲ್ಟು ಇಡುತ್ತಿದ್ದಾಗ ಬೀರಪ್ಪನ ತಮ್ಮ ಒಳಗೆ ಇಣುಕಿದ. ಆಂಬುಲೆನ್ಸ್ ದೂರದಲ್ಲಿದೆಯಂತೆ, ಗಾಡಿ ಹೇಗಾದರೂ ಹೊರಡುವಂತಿದ್ದರೆ ಎಂದು ಕೇಳಲು ಬಂದವನು ಬಿಚ್ಚಿದ ಸಾಮಾನು ನೋಡಿ ಹಣೆ ಬಡಿದುಕೊಂಡ.

"ಇವತ್ತೇ ಬಿಚ್ಚಬೇಕಿತ್ತೇನ್ರಿ ಸರ. ನಮ್ಮ ನಸೀಬ," ಎಂದ.

ಕೊನೆಗೆ ಕವಿತಾಳದ ಕಡೆಯಿಂದ ಬಂದ ಒಂದು ಸರಕಿನ ಟೆಂಪೊದಲ್ಲಿ, ಖಾಲಿ ಚೀಲಗಳ ಮೇಲೆ ಮಲಗಿಸಿ ಒಯ್ದರು. ತಾಸು, ಒಂದೂವರೆ ತಾಸು ಮೊದಲು ತಂದಿದ್ದರೆ ಬೇರೆ ಮಾತಿತ್ತು ಎಂದು ಅಲ್ಲಿ ಡಾಕ್ಟರು ಹೇಳಿದರಂತೆ. ಬೀರಪ್ಪ ಬದುಕಿದ. ಬಲಗೈ, ಬಲಗಾಲು, ಮಾತು — ಈ ಮೂರೂ ಅವನ ಜೊತೆ ಮನೆಗೆ ಬರಲಿಲ್ಲ.

ನೋಡಲು ಹೋದಾಗ ಅವನ ಹಾಸಿಗೆಯ ಸುತ್ತ ನೆಂಟರಿದ್ದರು. ಯಂಕಮ್ಮ ನನಗೇ ಸಮಾಧಾನ ಹೇಳಿದಳು: "ನೀವರೆ ಏನ್ ಮಾಡ್ತೀರಿ ಸರ, ಕ್ಲಚ್ ಬಿಚ್ಚಿತ್ತಲ್ಲ." ಬೀರಪ್ಪ ಅದನ್ನು ಕೇಳಿಸಿಕೊಂಡ. ಹತ್ತು ಗಂಟೆಯವರೆಗೆ ನನ್ನ ಜೊತೆಯೇ ಇದ್ದವನು, ಬಣ್ಣ ಹಚ್ಚುವ ದಿನ ಯಾರೂ ಕ್ಲಚ್ ಬಿಚ್ಚುವುದಿಲ್ಲವೆಂದು ತಿಳಿದವನು. ಅವನ ಕಣ್ಣುಗಳು ನನ್ನ ಮೇಲೆ ನಿಂತವು. ಊರಿನಲ್ಲಿ ನನ್ನ ಸುಳ್ಳು ಗೊತ್ತಿದ್ದವನು ಅವನೊಬ್ಬನೇ — ಗೊತ್ತಿತ್ತೇ? — ಮತ್ತು ಅವನಿಗೆ ಮಾತಿರಲಿಲ್ಲ. ಆಗ ನನಗೆ ಎಂಥ ನೆಮ್ಮದಿಯಾಯಿತೆಂದರೆ... ಆ ನೆಮ್ಮದಿಗಾಗಿಯೇ ನನ್ನ ಬಗ್ಗೆ ನನಗೆ ಇವತ್ತಿಗೂ ಹೇಸಿಗೆ.

ಜೀಪು ಚೆನ್ನಾಗಿ ಬಂತು. ರಾಯಚೂರಿನಲ್ಲಿ ನಿಲ್ಲಿಸಿದರೆ ಜನ ಪಕ್ಕಕ್ಕೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದರಲ್ಲೇ ದಿನವೂ ಕೆಲಸಕ್ಕೆ ಹೋಗುತ್ತಿದ್ದೆ, ಅವನ ಮನೆಯ ಮುಂದೆಯೇ. "ನಿಮ್ಮ ಗಾಡಿ ಸಪ್ಪಳ ಕೇಳಿದ್ರ ಅಳ್ತಾರ ನೋಡ್ರಿ," ಎನ್ನುತ್ತಿದ್ದಳು ಯಂಕಮ್ಮ. "ಅಷ್ಟು ಜೀವ ಅದರ ಮ್ಯಾಲ." ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಅವನನ್ನು ಮಗ್ಗುಲು ಬದಲಿಸಲು ಇಬ್ಬರು ಬೇಕು. ಅವನ ತಮ್ಮ ಕುರಿಗಳ ಹಿಂದೆ ಹೋಗಿರುತ್ತಾನೆ. ಹಾಗಾಗಿ ಬೆಳಿಗ್ಗೆ ಸಂಜೆ ನಾನು ಹೋಗತೊಡಗಿದೆ. ಊರವರು ಹೊಗಳಿದರು. ಅದನ್ನೂ ಸಹಿಸಿಕೊಂಡೆ.

ಹೋದ ತಿಂಗಳು ಇಬ್ಬರ ಎದುರಿಗೂ ಹೇಳಿದೆ. ಯಂಕಮ್ಮ ಜೋಳ ಹಸನು ಮಾಡುತ್ತಿದ್ದಳು. ಕ್ಲಚ್ ಬಿಚ್ಚಿರಲಿಲ್ಲ, ನೀನು ಹೋದ ಮೇಲೆ ಬಿಚ್ಚಿದೆ, ಬಣ್ಣ ಕೆಡುತ್ತದೆಂದು ಹೇಳಿದ ಸುಳ್ಳು — ಇಷ್ಟೇ ಹೇಳಲು ಎಷ್ಟು ಹೊತ್ತು ಹಿಡಿಯಿತೋ. ಬೀರಪ್ಪ ಆಶ್ಚರ್ಯಪಡಲಿಲ್ಲ. ಎಡಗೈಯಿಂದ ಹಾಸಿಗೆಯ ಅಂಚು ಹಿಡಿದು, ತಾನೊಬ್ಬನೇ, ಮುಖವನ್ನಷ್ಟೇ ಗೋಡೆಯ ಕಡೆ ತಿರುಗಿಸಿಕೊಂಡ.

ಯಂಕಮ್ಮನ ಕೈ ಮೊರದಲ್ಲಿ ನಿಂತಿತು. ಬೈಯುತ್ತಾಳೆ, ಮೊರ ಬೀಸಿ ಒಗೆಯುತ್ತಾಳೆ ಎಂದುಕೊಂಡೆ. ಒಗೆದಿದ್ದರೆ —

"ಯಾರ ತಪ್ಪೂ ಅಲ್ಲ ಅಂತ ಆರು ವರ್ಷ ಹೆಂಗೋ ಜೀವ ಹಿಡಕೊಂಡಿದ್ದೆ," ಎಂದಳು. "ಅದನ್ನೂ ಕಸಗೊಂಡ್ರಿ. ಈಗ್ಯಾಕ ಹೇಳಿದ್ರಿ ಸರ?"

ನನ್ನ ಎದೆ ಹಗುರಾಗಲಿ ಎಂದೇ ಹೇಳಿದ್ದೆ, ಅದೂ ಆಗಲಿಲ್ಲ. ಎದ್ದು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಅವಳ ದನಿ ಕೇಳಿತು — ಸಿಟ್ಟಿಲ್ಲದ, ದಣಿದ ದನಿ.

"ಮಗ್ಗಲಾ ಬದಲ್ಸೋ ಹೊತ್ತಾಗ್ಯಾದ. ಆ ಕಡಿ ಹಿಡೀರಿ. ನನ್ನೊಬ್ಬಾಕಿ ಕೈಲೆ ಆಗಂಗಿಲ್ಲ."

ಹಿಡಿದೆ. ಈಗಲೂ ಬೆಳಿಗ್ಗೆ ಸಂಜೆ ಹೋಗುತ್ತೇನೆ. ಅವಳು ನನ್ನ ಮುಖ ನೋಡುವುದಿಲ್ಲ, ಅವನೂ ನೋಡುವುದಿಲ್ಲ. ಹಿಡಿದು ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು ಹೊರಗೆ ಬರುತ್ತೇನೆ.