ಗುರುಬಸವನ ಫ್ರಾನ್ಸ್
ಸಿಡ್ನಿಯ ರೌಸ್ ಹಿಲ್‌ನ ಗುರುಬಸವ ಫ್ರಾನ್ಸಿಗೆ ಕಾಲಿಟ್ಟವನಲ್ಲ. ಆದರೂ ಅಲ್ಲಿನ ಹಳ್ಳಿಗಾಡಿನ ಯಾವ ಕಾಲುದಾರಿ ಯಾವ ದ್ರಾಕ್ಷಿತೋಟ ದಾಟಿ ಯಾವ ಚರ್ಚಿನ ಹಿಂದೆ ಹೊರಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ಭಾನುವಾರ ಬಂತೆಂದರೆ ಚಹಾ ಆರಿದ್ದೂ ತಿಳಿಯದಂತೆ ನಕ್ಷೆ ಹರಡಿ ಕೂತು ಅಲ್ಲಿನ ಒಂದು ದಿನದ ನಡಿಗೆಯನ್ನು ಯೋಜಿಸುತ್ತಾನೆ. ಖಡಕ್ ರೊಟ್ಟಿಯ ಬುತ್ತಿಯನ್ನು ಯಾವ ಮರದಡಿ ಬಿಚ್ಚಬೇಕೆಂಬುದೂ ನಕ್ಷೆಯಲ್ಲಿರುತ್ತದೆ. ಆ ಪ್ಲ್ಯಾನ್‌ಗಳನ್ನು ಹಿಡಿದು ವರ್ಷವರ್ಷವೂ ತನ್ನ ಹೆಂಡತಿಯೊಡನೆ ಫ್ರಾನ್ಸಿಗೆ ಹೋಗಿಬರುವವನು ಮಾತ್ರ ಮೆಲ್ಬರ್ನಿನ ಗೆಳೆಯ ಗ್ಲಾಡ್ವಿನ್. ಅವನ ಫೋಟೊ ಬಂದೊಡನೆ ಗುರುಬಸವನ ಹೊಟ್ಟೆ ಉರಿಯುತ್ತದೆ: "ಏನ್ ದೊಡ್ಡ ನಡದಾನ, ದಾರಿ ನಂದು!" ಈ ಸಲ ಗ್ಲಾಡ್ವಿನ್ ಫೋನಿನಲ್ಲಿ ಕೇಳಿದ: "ಪ್ಲ್ಯಾನ್ ಸೂಪರ್ ಮಾರಾಯ, ಆದ್ರೆ ಎಲ್ಲೆಲ್ಲಿ ಬೆಂಚ್ ಉಂಟು ಅಂತ ಯಾಕೆ ಬರ್ದದ್ದು?" ವಾಕರ್ ಊರಿಕೊಂಡು ಒಂದೊಂದೇ ಹೆಜ್ಜೆಯಿಡುತ್ತ ಅಡುಗೆಮನೆಯಿಂದ ಬರುತ್ತಿದ್ದ ಹೆಂಡತಿ ಮಹಾಶ್ವೇತಾಳಿಗೆ ಕೇಳಿಸದಂತೆ ಗುರುಬಸವ ದನಿ ತಗ್ಗಿಸಿದ: "ಯಾರಿಗರ ಕುಂದರಬೇಕು ಅನಸ್ತದಲ್ಲೋ."